ಮುದ್ದೇಬಿಹಾಳದ ಪ್ರಶ್ನೆ ಬಾಗೇವಾಡಿಗೆ ಬಂದ ದಾರಿ

ಆ ವರ್ಷ ದೀಪಾವಳಿಗೆ ಮೊದಲೇ ಮುದ್ದೇಬಿಹಾಳದ ಕಾಲೇಜಿನ ಗಣಿತದ ಉಪನ್ಯಾಸಕರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಪಾಠ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಬೇಸಿಗೆಗೆ ಪರೀಕ್ಷೆ. ಆ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಗಣಿತದಲ್ಲಿ ನಪಾಸಾದರೆ ಬಿ.ಎಡ್. ಇಲ್ಲ, ಎಂ.ಎಸ್ಸಿ. ಇಲ್ಲ, ಇನ್ನೊಂದು ವರ್ಷ ಓದಿಸುತ್ತೇವೆ ಎನ್ನುವ ಮನೆಗಳು ಆಗ ನಮ್ಮ ಕಡೆ ಕಡಿಮೆ.

ಬಸವನ ಬಾಗೇವಾಡಿಯ ನಮ್ಮ ಕಾಲೇಜಿನಲ್ಲಿ ಗಣಿತಕ್ಕೆ ಒಬ್ಬ ಮೇಡಂ ಇದ್ದರು. ತಾಳಿಕೋಟೆ ಹಾದಿಯ ಒಂದು ಹಳ್ಳಿಯ ಮುಸ್ಲಿಂ ರೈತ ಮನೆತನದವರು. ಗಟ್ಟಿ ದನಿ, ದುಂಡು ಅಕ್ಷರ, ಸುಮ್ಮನೆ ತಲೆಯಾಡಿಸುವ ವಿದ್ಯಾರ್ಥಿಯನ್ನು ಕಂಡರಾಗದು. ನಾನು ಅದೇ ಕಾಲೇಜಿನಲ್ಲಿ ಕಂಪ್ಯೂಟರು ಮತ್ತು ಇಂಟರ್ನೆಟ್ ನೋಡಿಕೊಳ್ಳುವವನು. ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದೂ ನನ್ನ ಪಾಲಿಗೇ ಬಂದಿತ್ತು. ಹಿಂದಿನ ವರ್ಷವಷ್ಟೇ ನಮಗೆ ವಿದ್ಯಾಸಂಸ್ಥೆಗಳಿಗೆಂದೇ ಇರುವ ಪ್ರತ್ಯೇಕ ಜಾಲದ ಸಂಪರ್ಕ ಸಿಕ್ಕಿತ್ತು. ಪ್ರಾಂಶುಪಾಲರು ಬಂದವರಿಗೆಲ್ಲ ಅದರ ಕಪ್ಪು ಪೆಟ್ಟಿಗೆಯನ್ನು ತೋರಿಸಿ, ಮಿಣುಕುವ ದೀಪಗಳಿಗೆ ನನ್ನಿಂದ ವಿವರಣೆ ಕೊಡಿಸುತ್ತಿದ್ದರು. ಮುದ್ದೇಬಿಹಾಳ, ಇಂಡಿ, ಸಿಂದಗಿಯ ಕಾಲೇಜುಗಳಲ್ಲಿ ಇದ್ದದ್ದು ದೂರವಾಣಿ ಕಂಪನಿಯ ಹೊಸ ಬ್ರಾಡ್‌ಬ್ಯಾಂಡು.

ಮೇಡಂ ತಾವಾಗಿಯೇ ನನ್ನ ಕೋಣೆಗೆ ಬಂದು ಕೇಳಿದರು.

‘ನಿಮ್ಮ ಡಬ್ಬಿಯೊಳಗಿಂದ ಮುದ್ದೇಬಿಹಾಳಕ್ಕ ಪಾಠ ಮಾಡಾಕ ಬರ್ತೈತೇನ್ರಿ?’

‘ಬರ್ತೈತ್ರಿ ಮೇಡಂ. ಒಂದು ಕ್ಯಾಮೆರಾ, ಒಂದು ಮೈಕು ಇದ್ರ ಸಾಕ್ರಿ.’

ಅಷ್ಟು ಸಲೀಸಾಗಿ ಹೇಳಿಬಿಟ್ಟೆ. ಇಂಡಿ, ಸಿಂದಗಿಯಲ್ಲಿ ಅತಿಥಿ ಉಪನ್ಯಾಸಕರು ಇದ್ದರೂ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಅವರೂ ಕೇಳಿದರು. ಮಧ್ಯಾಹ್ನ ಊಟವಾದ ಮೇಲೆ ಪಾಠ ಎಂದು ಗೊತ್ತಾಯಿತು. ಹಲಗೆಯ ಮುಂದೆ ಕ್ಯಾಮೆರಾ ನಿಲ್ಲಿಸಿದೆ. ಬೆಳಕು ಹಲಗೆಯ ಮೇಲೆ ಹೊಳೆಯದಂತೆ ಕಿಟಕಿಗೆ ಗೋಣಿಚೀಲ ಕಟ್ಟಿದೆ. ಮೊದಲ ದಿನ ಮೂರೂ ಊರುಗಳಿಂದ ಕೈ ಬೀಸಿದ ಮಕ್ಕಳನ್ನು ತೆರೆಯ ಮೇಲೆ ನೋಡಿ ಪ್ರಾಂಶುಪಾಲರು ನನ್ನ ಬೆನ್ನು ತಟ್ಟಿದರು.

ಗಂಟು ಬಿದ್ದದ್ದು ಮಕ್ಕಳು ಬಾಯಿ ತೆರೆದಾಗ. ಮೇಡಂ ಹೇಳಿದ್ದು ಅಲ್ಲಿಗೆ ಚೊಕ್ಕವಾಗಿ ಕೇಳುತ್ತಿತ್ತು. ಅಲ್ಲಿಂದ ಬರುವ ದನಿ ಮಾತ್ರ ತುಂಡು ತುಂಡು. ಅದೂ ಎಷ್ಟೋ ಹೊತ್ತಿನ ಮೇಲೆ, ಮೇಡಂ ಮುಂದಿನ ಸಾಲಿಗೆ ಹೋದಾಗ, ಒಂದು ‘ಯಾಕ್ರಿ’ಯೋ ಒಂದು ‘ತಿಳೀಲಿಲ್ರಿ’ಯೋ ಬಂದು ಬೀಳುತ್ತಿತ್ತು. ಯಾವುದಕ್ಕೆ ಯಾಕೆ, ಏನು ತಿಳಿಯಲಿಲ್ಲ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೇಡಂ ಕೈಕಟ್ಟಿ ಕೂರಲಿಲ್ಲ. ತಮ್ಮ ಪಾಠದ ನಡಿಗೆಯನ್ನೇ ಬದಲಿಸಿಕೊಂಡರು. ಒಂದು ಪ್ರಶ್ನೆ ಕೇಳುವುದು, ತಿರುಗಿ ಹಲಗೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಒರೆಸುವುದು, ಒರೆಸಿ ಮುಗಿಯುವ ಹೊತ್ತಿಗೆ ಉತ್ತರ ಬಂದು ತಲುಪುವುದು. ಬಾಯಲ್ಲಿ ಹೇಳುವ ಬದಲು ಬೆರಳೆತ್ತಿ ತೋರಿಸಿ ಎಂದರು: ಹೌದಾದರೆ ಒಂದು, ಅಲ್ಲವಾದರೆ ಎರಡು. ಚಿತ್ರವೂ ತಡವಾಗಿಯೇ ಬರುತ್ತಿತ್ತು, ಆದರೆ ದನಿಯಷ್ಟು ಹರಿದು ಬರುತ್ತಿರಲಿಲ್ಲ. ನಾನು ಎಷ್ಟೋ ಜನ ಜಾಣರನ್ನು ನೋಡಿದ್ದೇನೆ. ಕೆಟ್ಟ ಯಂತ್ರದ ಮುಂದೆ ನಿಂತು ಅದನ್ನು ಬೈಯದೆ, ಅದರ ಕುಂಟುಗಾಲಿಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು ಗಣಿತ ಕಲಿಸಿದವರನ್ನು ಅವರೊಬ್ಬರನ್ನೇ ಕಂಡದ್ದು. ಬೈಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ.

ಬೈಗುಳಕ್ಕೆ ಗುರಿಯಾದವರು ದೂರವಾಣಿ ಕಂಪನಿಯ ಎಂಜಿನಿಯರು. ವಿಜಾಪುರದಲ್ಲಿ ಅವರ ಕಚೇರಿ. ಅವರನ್ನೇ ಹಿಡಿಯಲು ನನ್ನ ಬಳಿ ಕಾರಣವಿತ್ತು. ನಮ್ಮಿಂದ ಹೊರಟ ಮಾಹಿತಿ ಯಾವ ಯಾವ ಊರಿನ ಯಂತ್ರ ದಾಟಿ ಹೋಗುತ್ತದೆ, ಪ್ರತಿ ಯಂತ್ರದಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಒಂದು ಸಾಮಾನ್ಯ ಪರೀಕ್ಷೆ ಇದೆ. ನಮ್ಮವರು ಅದನ್ನು ಟ್ರೇಸ್ ಎನ್ನುತ್ತಾರೆ. ಬಾಗೇವಾಡಿಯಿಂದ ಧಾರವಾಡ, ಬೆಂಗಳೂರು, ಮುಂಬೈ ತನಕ ಎಲ್ಲ ಸರಸರ. ಮುಂಬೈಯಲ್ಲಿ ಬೇರೆ ಬೇರೆ ಜಾಲಗಳು ಒಂದಕ್ಕೊಂದು ಮಾಹಿತಿ ದಾಟಿಸಿಕೊಳ್ಳುವ ಒಂದು ಕೂಡುತಾಣವಿತ್ತು. ಅಲ್ಲಿ ನಮ್ಮ ವಿದ್ಯಾಜಾಲ ಬಿಟ್ಟು ದೂರವಾಣಿ ಕಂಪನಿಯ ಮೊದಲ ಯಂತ್ರಕ್ಕೆ ಕಾಲಿಟ್ಟ ಕೂಡಲೇ ಹೊತ್ತು ಹತ್ತು ಪಟ್ಟು ಏರುತ್ತಿತ್ತು. ಅವರ ಹೊಸ್ತಿಲಲ್ಲೇ ಎಡವುತ್ತಿದೆ ಎಂದರೆ ತಪ್ಪು ಅವರದಲ್ಲದೆ ಇನ್ನಾರದು? ಬೆಂಗಳೂರಿನ ವಿದ್ಯಾಜಾಲದವರೂ ಅದನ್ನೇ ನೋಡಿ ಅದನ್ನೇ ಹೇಳಿದರು.

‘ಸರ, ನೀವು ದಿನಾ ಫೋನ್ ಮಾಡ್ತೀರಿ, ನಾ ದಿನಾ ಲೈನ್ ನೋಡ್ತೇನಿ’ ಎಂದರು ಆ ಎಂಜಿನಿಯರು ಒಮ್ಮೆ. ‘ಮುದ್ದೇಬಿಹಾಳದಾಗ ಕಂಬದಿಂದ ಕಾಲೇಜಿನ ತನಕ ವಾಯರ್ ಹೊಸಾದು ಎಳಿಸೇನಿ. ಮೋಡೆಮ್ ಬದಲ್ ಮಾಡೇನಿ. ಇನ್ನೇನ್ ಮಾಡ್ಲಿ, ನಾನ ವಾಯರ್ ಆಗಿ ಮಲಕೊಳ್ಲೇನ್ರಿ?’

‘ಮುಂಬೈದಾಗ ನಿಮ್ಮ ಯಂತ್ರಾ ನೋಡ್ರಿ ಅಂದ್ರ ನೀವು ಮುದ್ದೇಬಿಹಾಳದ ಕಂಬಾ ನೋಡ್ತೀರಿ.’

‘ಮುಂಬೈದಾಗೂ ಕೇಳೇನ್ರಿ. ಅಲ್ಲಿ ಏನೂ ದೋಷ ಇಲ್ಲಂತ.’

ಸಿಟ್ಟಿನಿಂದ ಫೋನು ಕುಕ್ಕಿದೆ. ಆದರೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ಒಂದು ದಿನವೂ ನನ್ನ ಕರೆಯನ್ನು ತಪ್ಪಿಸಲಿಲ್ಲ. ಒಂದೇ ಒಂದು ಕಾಲೇಜಿನ ದೂರಿಗಾಗಿ ಮೂರು ತಾಲೂಕಿನ ಲೈನು ಪರೀಕ್ಷೆ ಮಾಡಿಸಿದ್ದರು. ಸಿಂದಗಿಯಲ್ಲಿ ತಾವೇ ಮೀಟರು ಹಿಡಿದು ಬಿಸಿಲಲ್ಲಿ ನಿಂತಿದ್ದರೆಂದು ಅಲ್ಲಿಯವರು ಹೇಳಿದರು.

ನಾನು ನಡುವೆ ಒಂದು ಅಡ್ಡದಾರಿ ಹುಡುಕಿದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಪ್ರಾಂಶುಪಾಲರ ಕೋಣೆಯಲ್ಲಿ ಒಂದು ಫೋನು ಇತ್ತು. ಸಂಶಯ ಬಂದವರು ಓಡಿಹೋಗಿ ಅಲ್ಲಿಂದ ಮೇಡಂ ಅವರ ಮೊಬೈಲಿಗೆ ಕರೆ ಮಾಡುವುದು ಎಂದು ಗೊತ್ತುಮಾಡಿದೆವು. ಮಕ್ಕಳು ಪಾಠಕ್ಕೆ ಕೂರುತ್ತಿದ್ದ ಕಂಪ್ಯೂಟರ್ ಪ್ರಯೋಗಾಲಯ ಮಹಡಿಯ ಮೇಲೆ, ಫೋನಿದ್ದ ಕೋಣೆ ಕೆಳಗೆ. ಹುಡುಗಿ ಮೆಟ್ಟಿಲಿಳಿದು, ಏದುಸಿರು ಬಿಡುತ್ತಾ ಪ್ರಶ್ನೆ ಕೇಳಿ, ಉತ್ತರ ತಿಳಿದುಕೊಂಡು ಮೇಲೆ ಹತ್ತುವಷ್ಟರಲ್ಲಿ ಪಾಠ ಒಂದು ಪುಟ ಮುಂದೆ ಹೋಗಿರುತ್ತಿತ್ತು. ಅಲ್ಲಿನ ಪ್ರಾಂಶುಪಾಲರು ಪಾಪ, ಮೊದಮೊದಲು ನಗುತ್ತಲೇ ಫೋನು ಕೊಟ್ಟರು. ಆಮೇಲೆ ಅವರ ಕೋಣೆಯಲ್ಲಿ ಯಾರೋ ಕುಳಿತಿರುತ್ತಿದ್ದರು, ಹುಡುಗಿಯರು ಬಾಗಿಲ ತನಕ ಬಂದು ಹಿಂದಿರುಗುತ್ತಿದ್ದರು.

ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ತೆರೆಯ ಮೇಲೆ ತಲೆಗಳು ಬಗ್ಗಿರುತ್ತಿದ್ದವು, ಹಲಗೆಯಲ್ಲಿದ್ದದ್ದನ್ನು ಇಳಿಸಿಕೊಳ್ಳುತ್ತಿದ್ದವು. ನಮ್ಮ ಪ್ರಾಂಶುಪಾಲರು ಬಂದು ನೋಡಿ, ‘ಈಗ ಭಾಳ ಚಂದ ನಡದೈತಿ’ ಎಂದು ಹೋದರು. ಅಂದು ಪಾಠ ಮುಗಿದ ಮೇಲೆ ಮೇಡಂ ಮೈಕನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು.

‘ನಾಳಿಯಿಂದ ಇದು ಬ್ಯಾಡ್ರಿ. ನನ್ನ ದನಿ ಕ್ಯಾಸೆಟ್ಟಿಗೆ ತುಂಬಿ ಕಳಸ್ರಿ. ಪಾಠಕ್ಕ ನಾ ಯಾಕ ಬೇಕು?’

‘ಹಂಗ್ಯಾಕ ಅಂತೀರಿ ಮೇಡಂ, ಅವ್ರಿಗೆ ಎಲ್ಲಾ ಕೇಳಾಕತ್ತೈತಿ.’

‘ಕೇಳತೈತಿ, ತಿಳ್ಯಾಕತ್ತಿಲ್ಲ. ಎಲ್ಲಿ ತಿಳೀಲಿಲ್ಲ ಅಂತ ಅವ್ರು ನಡುವ ನಿಲ್ಲಿಸಿ ಕೇಳಬೇಕು. ಅದಿಲ್ಲಂದ್ರ ನಾ ಗ್ವಾಡಿಗೆ ಮಾತಾಡಿದಂಗ. ಪರೀಕ್ಷಿಯೊಳಗ ಆ ಮಕ್ಕಳು ಬಿದ್ರ ಅದರ ಪಾಪ ನನಗ ಬ್ಯಾಡ.’

ಕೈಚೆಲ್ಲುವ ಹೆಂಗಸಲ್ಲ ಅವರು. ಅವರೇ ಮೈಕು ಇಟ್ಟರೆಂದರೆ ಆ ಮಕ್ಕಳ ವರ್ಷ ಹೋಯಿತೆಂದೇ ಲೆಕ್ಕ. ಮತ್ತೊಮ್ಮೆ ವಿಜಾಪುರಕ್ಕೆ, ಮತ್ತೊಮ್ಮೆ ಬೆಂಗಳೂರಿಗೆ ಬರೆಯುತ್ತೇನೆ ಎಂದೆ.

‘ಬರದದ್ದು ಸಾಕ್ರಿ’ ಎಂದರು. ‘ಆ ಇಬ್ಬರೂ ಎಂದಾದ್ರೂ ಒಬ್ಬರಿಗೊಬ್ಬರು ಮಾರಿ ನೋಡ್ಯಾರೇನು?’

ನೋಡಿರಲಿಲ್ಲ. ದೂರವಾಣಿಯವರು ನನ್ನೊಂದಿಗೆ ಜಗಳವಾಡುತ್ತಿದ್ದರು, ವಿದ್ಯಾಜಾಲದವರು ನನಗೆ ಸಮಾಧಾನ ಹೇಳುತ್ತಿದ್ದರು. ಅವರಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ.

‘ಮುಂದಿನ ವಾರ ಎಳ್ಳಮವಾಸಿ. ಇಬ್ಬರನ್ನೂ ನಮ್ಮ ಹೊಲಕ್ಕ ಕರೀರಿ. ಎಳ್ಳಮವಾಸಿ ಊಟಕ್ಕ ಬರಾಂಗಿಲ್ಲ ಅನ್ನಾವ್ರನ್ನ ನಾ ಇನ್ನೂ ಕಂಡಿಲ್ಲ.’

ಅದು ನಿಜ. ಆ ದಿನ ನಮ್ಮ ಸೀಮೆಯಲ್ಲಿ ಊರಿಗೆ ಊರೇ ಖಾಲಿ. ನಿಂತ ಬೆಳೆಗೆ ಎಡೆ ಹಿಡಿದು, ಅಡುಗೆಯನ್ನು ಹೊಲದ ತುಂಬ ಎರಚಿ ಚರಗ ಚೆಲ್ಲಿ, ಹೊಲದಲ್ಲೇ ಕುಳಿತು ಉಣ್ಣುತ್ತಾರೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕೂಗಿ ಕರೆದು ಕೂಡಿಸುತ್ತಾರೆ. ಕಚೇರಿ ತೆರೆದರೂ ಒಳಗೆ ಯಾರೂ ಇರುವುದಿಲ್ಲ. ವಿದ್ಯಾಜಾಲದ ಎಂಜಿನಿಯರು ಆ ವಾರ ಹೇಗೂ ನಮ್ಮ ಪೆಟ್ಟಿಗೆಯನ್ನು ನೋಡಲು ಬರುವವರಿದ್ದರು. ಮೈಸೂರು ಕಡೆಯ ಹುಡುಗ, ಮೃದು ಮಾತು. ಅಮಾವಾಸ್ಯೆಯ ದಿನವೇ ಬನ್ನಿ ಎಂದೆ. ದೂರವಾಣಿಯವರಿಗೆ ಫೋನು ಮಾಡಿದಾಗ ಮತ್ತೆ ಜಗಳಕ್ಕೆ ಬಂದೆನೆಂದುಕೊಂಡು ಅವರು ಮೊದಲೇ ದನಿ ಏರಿಸಿದರು. ಊಟಕ್ಕೆ ಎಂದ ಮೇಲೆ ‘ಯಾವ ಹೊಲಾ, ದಾರಿ ಹೇಳ್ರಿ’ ಎಂದರು.

ಮುದ್ದೇಬಿಹಾಳ ದಾಟಿ ತಾಳಿಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಮೇಡಂ ಅವರ ತಂದೆಯ ಹೊಲ. ಕಪ್ಪು ನೆಲದ ಮೇಲೆ ಬಿಳಿಜೋಳ ಎದೆಮಟ್ಟ ನಿಂತಿತ್ತು, ಸಾಲಿನ ನಡುವೆ ಕಡಲೆ. ತಂದೆ ಚರಗ ಚೆಲ್ಲಿ ಬಂದು ಕಂಬಳಿ ಹಾಸಿ ಎಲ್ಲರನ್ನೂ ಕೂಡಿಸಿದರು. ಸಜ್ಜಿರೊಟ್ಟಿ, ಕಾಳು ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಮೈಸೂರಿನ ಹುಡುಗ ಎಳ್ಳು ಹಚ್ಚಿದ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಹೇಗೆ ಮುರಿಯುವುದೆಂದು ನೋಡುತ್ತಿದ್ದ. ದೂರವಾಣಿಯವರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಮುರಿದು, ಅದರ ಮೇಲೆ ಭಜ್ಜಿ ಹಾಕಿ ಕೊಟ್ಟರು. ಮಾತು ಶುರುವಾದದ್ದು ಹಾಗೆ. ನಾನು ಟ್ರೇಸಿನ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಮೇಡಂ ಕಣ್ಣಲ್ಲೇ ತಡೆದರು. ಎರಡನೆಯ ಹೋಳಿಗೆ ಮುಗಿದ ಮೇಲೆ ತಾವೇ ಬಾಯಿ ತೆರೆದರು.

‘ನೀವಿಬ್ಬರೂ ದೊಡ್ಡ ಕೆಲಸಾ ಮಾಡಾವ್ರು. ನನ್ನ ತ್ರಾಸು ಇಷ್ಟ ಐತ್ರಿ. ನಾ ಅಂದದ್ದು ಮುದ್ದೇಬಿಹಾಳಕ್ಕ ನೆಟ್ಟಗ ಹೋಗತೈತಿ. ಒಂದ ಅಕ್ಷರ ಕಡಿಯಾಂಗಿಲ್ಲ. ಅಲ್ಲಿಂದ ಮಕ್ಕಳು ಅಂದದ್ದು ಮಾತ್ರ ಬರಾಂಗಿಲ್ಲ. ಹೋಗೂ ದಾರಿ ಚಲೋ ಇದ್ದು ಬರೂ ದಾರಿ ಯಾಕ ಕೆಟ್ಟೈತಿ?’

ಮೈಸೂರಿನ ಹುಡುಗ ಅಗಿಯುವುದನ್ನು ನಿಲ್ಲಿಸಿದ. ‘ಒಂದೇ ಕಡೆ ಮಾತ್ರನಾ ಮೇಡಂ? ನಮಗೆ ಬಂದ ದೂರಲ್ಲಿ ದನಿ ಕಟ್ ಆಗುತ್ತೆ ಅಂತಷ್ಟೇ ಇತ್ತಲ್ಲ.’

ದೂರು ಬರೆದವನು ನಾನೇ. ದನಿ ಕಡಿಯುತ್ತದೆ ಎಂದು ಬರೆದಿದ್ದೆ. ಯಾರ ದನಿ ಎಂದು ಯಾರೂ ಕೇಳಿರಲಿಲ್ಲ, ಎಲ್ಲರೂ ಟ್ರೇಸನ್ನೇ ಕೇಳಿದ್ದರು. ದೂರವಾಣಿಯವರು ಕೈ ತೊಳೆದುಕೊಂಡು ಬಂದು ಹುಡುಗನ ಪಕ್ಕ ಕುಳಿತರು. ‘ಹಂಗಾದ್ರ ಬರೂ ದಾರಿನ ಬ್ಯಾರೆ ಐತಿ. ನಿಮ್ಮ ಕಾಗದದಾಗ ನಮ್ಮ ಯಂತ್ರ ತಡಾ ಮಾಡ್ತದ ಅಂತ ಕಾಣ್ತದಲ್ಲ, ಅದು ತಡಾ ಮಾಡಾಕತ್ತಿಲ್ಲ. ಉತ್ತರಾ ಕೊಡತದ, ಆ ಉತ್ತರ ಎಲ್ಲೋ ಸುತ್ತಿ ಬರಾಕತ್ತೈತಿ. ಮುಂಬೈದಾಗ ನೀವು ನಮಗ ಬಾಗೇವಾಡಿ ಇಲ್ಲೈತಿ ಅಂತ ಹೇಳೀರೇನು?’

‘ನಮ್ಮ ಎಲ್ಲಾ ಕಾಲೇಜುಗಳ ವಿಳಾಸನೂ ಅಲ್ಲಿ ಘೋಷಣೆ ಮಾಡ್ತೀವಿ ಸರ್.’

‘ಎಲ್ಲಾನೂ?’

ಹುಡುಗ ಜೋಳದ ದಂಟು ತೆಗೆದುಕೊಂಡು ಮಣ್ಣಿನ ಮೇಲೆ ಗೆರೆ ಎಳೆಯತೊಡಗಿದ. ಕೂಡುತಾಣದಲ್ಲಿ ಪ್ರತಿಯೊಂದು ಜಾಲವೂ ತನ್ನ ಹಿಂದೆ ಯಾವ ಯಾವ ವಿಳಾಸಗಳಿವೆ ಎಂದು ಕೂಗಿ ಹೇಳಬೇಕು. ಹೇಳಿದರೆ ಎದುರಿನವರು ಅಲ್ಲಿಗೆ ಮಾಹಿತಿ ಕಳಿಸುತ್ತಾರೆ. ಹೇಳದಿದ್ದರೆ ಬೇರೆ ಎಲ್ಲಿ ಆ ಹೆಸರು ಕೇಳಿಸುತ್ತದೋ ಅಲ್ಲಿಗೆ. ನಮ್ಮ ಕಾಲೇಜಿಗೆ ಹಿಂದಿನ ವರ್ಷ ಕೊಟ್ಟದ್ದು ಹೊಸ ವಿಳಾಸಗಳ ಗುಂಪು. ಹೊರದೇಶದ ಜಾಲಗಳಿಗೆ ಅದನ್ನು ಹೇಳಿದ್ದರು. ಮುಂಬೈಯಲ್ಲಿ ಹೇಳಿದ್ದಾರೋ ಇಲ್ಲವೋ ಎಂಬುದೇ ಅವನಿಗೆ ಅನುಮಾನವಾಗಿತ್ತು.

‘ಮುದ್ದೇಬಿಹಾಳದಿಂದ ಟ್ರೇಸ್ ಮಾಡಿ ನೋಡೋಣ ಸರ್. ಇಷ್ಟು ದಿನ ಎಲ್ಲರೂ ಬಾಗೇವಾಡಿ ಕಡೆಯಿಂದಲೇ ನೋಡಿದ್ದೀವಿ.’

ಮುದ್ದೇಬಿಹಾಳದ ಕಾಲೇಜಿಗೆ ಬೀಗ. ಕೀಲಿ ಇದ್ದ ಜವಾನರು ತಮ್ಮ ಹೊಲದಲ್ಲಿದ್ದರು. ಅವರ ಹೊಲಕ್ಕೆ ಹೋದೆವು. ಅಲ್ಲಿಯೂ ಉಣ್ಣದೆ ಕೀಲಿ ಸಿಗಲಿಲ್ಲ. ಹೊಟ್ಟೆ ಬಿರಿಯುವಂತೆ ಎರಡೆರಡು ಕಡೆ ಉಂಡ ಇಬ್ಬರು ಎಂಜಿನಿಯರುಗಳು ಖಾಲಿ ಪ್ರಯೋಗಾಲಯದಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಸಾಲುಗಳು ಒಂದೊಂದಾಗಿ ಮೂಡಿದವು. ವಿಜಾಪುರ, ಬೆಂಗಳೂರು, ಮುಂಬೈ. ಆಮೇಲೆ ಸಿಂಗಪುರ. ಆಮೇಲೆ ಲಂಡನ್. ಅಲ್ಲಿಂದ ದಿಲ್ಲಿ, ಮತ್ತೆ ಬೆಂಗಳೂರು, ಧಾರವಾಡ, ಕೊನೆಗೆ ನಮ್ಮ ಬಾಗೇವಾಡಿ. ಬಸ್ಸು ಹತ್ತಿದರೆ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಸಿಗುವ ಊರು. ಮುಂಬೈಯಲ್ಲಿ ಎರಡೂ ಜಾಲಗಳು ಒಂದೇ ಕೋಣೆಯಲ್ಲಿದ್ದವು. ಪ್ರಶ್ನೆ ಮಾತ್ರ ಆ ಕೋಣೆ ಹೊಕ್ಕು, ನಮ್ಮನ್ನು ಕಾಣದೆ, ಸಮುದ್ರ ದಾಟಿ ಹೋಗುತ್ತಿತ್ತು.

ದೂರವಾಣಿಯವರಿಗೆ ಅದು ಎದೆಯುಬ್ಬಿಸುವ ಗಳಿಗೆಯಾಗಬಹುದಿತ್ತು. ‘ನಾ ಹೇಳಿದ್ನೋ ಇಲ್ಲೋ’ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಹುಡುಗನ ಹೆಗಲ ಮೇಲೆ ಕೈ ಇಟ್ಟು, ‘ಈಗ ಸಿಕ್ತಲ್ಲ, ಬಿಡ್ರಿ’ ಎಂದರಷ್ಟೇ. ಹುಡುಗ ಅಲ್ಲಿಂದಲೇ ಮೊಬೈಲಿನಲ್ಲಿ ತನ್ನ ಮೇಲಧಿಕಾರಿಗೆ ಹೇಳಿದ: ‘ಸರ್, ತಪ್ಪು ನಮ್ಮದೇ. ಹೊಸ ಗುಂಪನ್ನು ಮುಂಬೈಯಲ್ಲಿ ಘೋಷಣೆ ಮಾಡೇ ಇಲ್ಲ.’ ನೆಟ್ಟಗೆ, ಎರಡೇ ಮಾತಿನಲ್ಲಿ. ಮೇಲಿನವರಿಗೆ ಹಾಗೆ ಹೇಳುವ ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗನ ಕಚೇರಿ ಮುಂಬೈಯಲ್ಲಿ ಘೋಷಣೆ ಮಾಡಿತು. ಮೈಕು ಮತ್ತೆ ಮೇಡಂ ಕೊರಳಿಗೆ ಬಂತು. ಆದರೆ ಪ್ರಶ್ನೆಗಳು ಮೊದಲಿನಂತೆಯೇ ಲಂಡನ್ ಸುತ್ತುತ್ತಿದ್ದವು. ಯಾರು ಏನು ಕೂಗಿದರೂ ನಂಬದಂತೆ, ಮೊದಲೇ ಒಪ್ಪಿಕೊಂಡ ವಿಳಾಸಗಳನ್ನು ಮಾತ್ರ ಒಳಗೆ ಬಿಡುವಂತೆ ದೂರವಾಣಿ ಕಂಪನಿ ತನ್ನ ಬಾಗಿಲನ್ನು ಬಿಗಿಮಾಡಿಟ್ಟಿತ್ತು. ಅದು ಸರಿಯಾದ ಪದ್ಧತಿಯೇ. ಹೊಸ ಗುಂಪನ್ನು ಒಪ್ಪಿಕೊಳ್ಳಿ ಎಂದು ಅವರ ಒಳಗಿನವರೇ ಕೇಳಬೇಕು. ಈ ಸಲ ವಿಜಾಪುರದ ಎಂಜಿನಿಯರಿಗೆ ನಾನು ಫೋನು ಮಾಡಬೇಕಾಗಲಿಲ್ಲ. ತಮ್ಮದಲ್ಲದ ವಿಭಾಗದ ಬೆನ್ನು ಹತ್ತಿ, ಬೆಂಗಳೂರಿನ ಕಚೇರಿಗೆ ತಾವೇ ಹೋಗಿ ಕುಳಿತು ಮಾಡಿಸಿದರು. ಮೈಸೂರಿನ ಹುಡುಗ ಅವರಿಗೆ ಅಲ್ಲಿ ಜೊತೆಯಾದ. ಎರಡು ಜಾಲಗಳು ಒಂದೇ ಊರಿನಲ್ಲಿದ್ದೂ ಮಾಡದ ಕೆಲಸವನ್ನು ಒಂದು ಕಂಬಳಿಯ ಮೇಲೆ ಉಂಡ ಇಬ್ಬರು ಮಾಡಿದರು ಎಂದು ನಾನು ಈಗಲೂ ಹೇಳುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿರಬೇಕು. ಬೆಳಿಗ್ಗೆ ಬಂದು ಎಂದಿನಂತೆ ಟ್ರೇಸ್ ಹಾಕಿದೆ. ಮುಂಬೈ ದಾಟಿದ ಮೇಲೂ ಅಂಕಿ ಏರಲಿಲ್ಲ. ನಂಬಿಕೆ ಬಾರದೆ ಮುದ್ದೇಬಿಹಾಳಕ್ಕೆ ಫೋನು ಮಾಡಿ ಅಲ್ಲಿಂದಲೂ ಹಾಕಿಸಿದೆ. ಸಿಂಗಪುರವೂ ಇಲ್ಲ, ಲಂಡನ್ನೂ ಇಲ್ಲ. ಮೇಡಂಗೆ ಏನೂ ಹೇಳಲಿಲ್ಲ. ಹಿಂದೆ ಎರಡು ಸಲ ಸರಿಯಾಯಿತೆಂದು ಹೇಳಿ ಮುಖಭಂಗ ಮಾಡಿಕೊಂಡಿದ್ದೆ.

ಆ ಮಧ್ಯಾಹ್ನ ಲಾಪ್ಲಾಸ್ ಪರಿವರ್ತನೆಯ ಪಾಠ. ಮೇಡಂ ಹಲಗೆಯ ಮೇಲೆ ಉದ್ದನೆಯ ಸಾಲೊಂದನ್ನು ಬರೆಯುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ತೆರೆಯ ಮೇಲೆ ಮೂರೂ ಊರಿನ ಮಕ್ಕಳು ತಲೆ ಬಗ್ಗಿಸಿ ಇಳಿಸಿಕೊಳ್ಳುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವ ಅಭ್ಯಾಸವೇ ತಪ್ಪಿಹೋಗಿರಬಹುದು ಎಂದು ನನಗೆ ಭಯವಾಯಿತು. ದಾರಿ ಸರಿಪಡಿಸಬಹುದು, ಬಿಟ್ಟುಹೋದ ಬಾಯಿಗೆ ಯಾವ ಎಂಜಿನಿಯರನ್ನು ಕರೆಯುವುದು.

ಮುದ್ದೇಬಿಹಾಳದ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

‘ಮೇಡಂ, ತಡೀರಿ ತಡೀರಿ. ಅಲ್ಲಿ ಮೈನಸ್ ಬರಬೇಕಲ್ರಿ.’

ಸೀಮೆಸುಣ್ಣ ಹಲಗೆಯ ಮೇಲೆಯೇ ನಿಂತಿತು. ಅಕ್ಷರ ಅರ್ಧ ಮೂಡಿತ್ತು. ಮೇಡಂ ತಿರುಗಿ ತೆರೆಯನ್ನು ನೋಡಿದರು, ಮತ್ತೆ ಹಲಗೆ ನೋಡಿದರು. ಅಂಗೈಯಿಂದಲೇ ಪ್ಲಸ್ ಅಳಿಸಿ ಗೆರೆ ಎಳೆದರು.

‘ಬರಬೇಕವಾ, ಬರಬೇಕು. ಇಷ್ಟ ದಿನಾ ಎಲ್ಲಿದ್ದಿ?’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಮೂರೂ ಊರಿನ ಮಕ್ಕಳು ನಕ್ಕದ್ದು ಮೇಡಂ ಬಾಯಿ ಮುಚ್ಚುವ ಮೊದಲೇ ನಮ್ಮ ಕೋಣೆಯಲ್ಲಿ ಕೇಳಿಸಿತು.